ಎಳೆಯುವುದಷ್ಟೇ ಅಲ್ಲ, ಬಿಡುವುದೂ ಹೃದಯದ ಕೆಲಸ

ಮಹಡಿಯ ಮೆಟ್ಟಿಲು ಹತ್ತಿ ಬಟ್ಟೆ ಒಣಗಿಸಿ ಬರುವಷ್ಟರಲ್ಲಿ ಏದುಸಿರು ಬಂದರೆ ನೀವು ಏನು ಹೇಳುತ್ತೀರಿ? "ವಯಸ್ಸಾಯ್ತಲ್ಲ" ಅಂತ. ಎದೆ ಹಿಡಿದ ಹಾಗಾದರೆ "ಗ್ಯಾಸ್ಟ್ರಿಕ್". ತಲೆ ಸುತ್ತಿದರೆ "ರಕ್ತ ಕಡಿಮೆ ಇರಬೇಕು". ನಮ್ಮ ಹೆಂಗಸರ ಹತ್ತಿರ ಎಲ್ಲದಕ್ಕೂ ಒಂದೊಂದು ಉತ್ತರ ತಯಾರಿರುತ್ತದೆ. ಹೆಚ್ಚಿನ ಸಲ ಆ ಉತ್ತರ ಸರಿಯೂ ಆಗಿರಬಹುದು. ಆದರೆ ಕೆಲವೊಮ್ಮೆ ಕಾರಣ ಹೃದಯದ ಸ್ನಾಯುವಿನಲ್ಲೇ ಅಡಗಿರುತ್ತದೆ.

ಹೃದಯದ ಕಾಯಿಲೆ ಎಂದ ಕೂಡಲೇ ನಮಗೆ ನೆನಪಾಗುವುದು ಬ್ಲಾಕ್, ಸ್ಟೆಂಟ್, ಬೈಪಾಸ್. ಅದು ರಕ್ತನಾಳದ ಕಥೆ. ನಾನಿಲ್ಲಿ ಹೇಳಹೊರಟಿರುವುದು ಸ್ನಾಯುವಿನ ಕಥೆ. ಸ್ನಾಯು ಹೇಗೆ ಎಳೆಯುತ್ತದೆ, ಹೇಗೆ ಸಡಿಲಾಗುತ್ತದೆ ಎಂದು ವಿಜ್ಞಾನಿಗಳು ಹತ್ತಾರು ವರ್ಷ ತಲೆ ಕೆಡಿಸಿಕೊಂಡದ್ದರ ಫಲವಾಗಿ ಈಗ ಒಂದು ಹೃದ್ರೋಗಕ್ಕೆ ಹೊಸ ಬಗೆಯ ಮಾತ್ರೆಯೇ ಬಂದಿದೆ. ವಿಷಯ ಕಷ್ಟದ್ದೇನೂ ಅಲ್ಲ. ನೀವು ಉಡುಪಿ ಕಡೆಯವರಾದರೆ ಇನ್ನೂ ಸುಲಭ!

ಕೈರಂಪಣಿ ನೋಡಿದ್ದೀರಾ?

ನಮ್ಮ ಬನ್ನಂಜೆಯಿಂದ ಮಲ್ಪೆ ಕಡಲು ಹತ್ತಿರವೇ. ಅಲ್ಲಿ, ಇಲ್ಲವೇ ಕಾಪು ಕಡೆ ಹೋದಾಗ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವುದನ್ನು ನೀವು ನೋಡಿರಬಹುದು. ಸಾಲಾಗಿ ನಿಂತವರು ಹಗ್ಗ ಹಿಡಿಯುತ್ತಾರೆ, ಎಳೆಯುತ್ತಾರೆ, ಕೈ ಬಿಡುತ್ತಾರೆ, ಮತ್ತೆ ಸ್ವಲ್ಪ ಮುಂದೆ ಹಿಡಿಯುತ್ತಾರೆ. ಒಬ್ಬರು ಕೈ ಬಿಟ್ಟಾಗ ಉಳಿದವರು ಹಿಡಿದುಕೊಂಡಿರುವುದರಿಂದ ಬಲೆ ಹಿಂದೆ ಜಾರುವುದಿಲ್ಲ. ಹಾಗಂತ ಯಾರೂ ಕೈ ಬಿಡದೇ ಹೋದರೆ? ಹಗ್ಗ ಇದ್ದಲ್ಲೇ ಇರುತ್ತದೆ!

ಸ್ನಾಯು, ಅಂದರೆ ನಾವು ಮಾಂಸಖಂಡ ಅನ್ನುತ್ತೇವಲ್ಲ, ಅದು ಕೆಲಸ ಮಾಡುವುದೂ ಹೀಗೆಯೇ. ಅದರೊಳಗೆ ಎರಡು ಮುಖ್ಯ ಪ್ರೊಟೀನುಗಳಿವೆ. 'ಆಕ್ಟಿನ್' ಹಗ್ಗ, 'ಮಯೋಸಿನ್' ಎಳೆಯುವ ಕೈ. ಎಳೆಯುವವರಿಗೆ ಸಿಗುವ ಕೂಲಿ 'ಎಟಿಪಿ' ಎಂಬ ಶಕ್ತಿಕಣ. ನಾವು ಉಂಡ ಗಂಜಿ-ಚಟ್ನಿ ಕೊನೆಗೆ ಆಗುವುದು ಅದೇ. ಒಂದು ಮಯೋಸಿನ್ ಕೈ ಒಂದು ಸಲಕ್ಕೆ ಎಳೆಯುವ ದೂರ ಹತ್ತು ನ್ಯಾನೋಮೀಟರಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ನಿಮ್ಮ ತಲೆಕೂದಲಿನ ದಪ್ಪವೇ ಹತ್ತಿರ ಹತ್ತಿರ 80 ಸಾವಿರ ನ್ಯಾನೋಮೀಟರ್ ಅಂದರೆ ಲೆಕ್ಕ ಹಾಕಿ. ಆದರೆ ಕೋಟಿ ಕೋಟಿ ಕೈಗಳು ಒಟ್ಟಾಗಿ ಎಳೆದಾಗ ಬಾವಿಯಿಂದ ಕೊಡಪಾನ ತುಂಬ ನೀರು ಮೇಲೆ ಬರುತ್ತದೆ.

ಇನ್ನೊಂದು ವಿಶೇಷ ಉಂಟು. ಹಗ್ಗವನ್ನು ಎಳೆಯುವುದಕ್ಕೆ ಮಾತ್ರವಲ್ಲ, ಬಿಡುವುದಕ್ಕೂ ಎಟಿಪಿ ಬೇಕು. ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುವುದು ಇದೇ ಕಾರಣಕ್ಕೆ. ಎಟಿಪಿ ಮುಗಿದು, ಹಿಡಿದ ಕೈಗಳು ಬಿಡಲಾಗದೆ ಹಾಗೇ ಉಳಿದುಬಿಡುತ್ತವೆ. ಸಡಿಲಾಗುವುದು ಅಂದರೆ ಸುಮ್ಮನಿರುವುದಲ್ಲ, ಅದೂ ಒಂದು ಕೆಲಸವೇ.

ಕೊಳದ ಪಾಚಿ ಹೇಳಿದ ಗುಟ್ಟು

ಸ್ನಾಯುವಿನ ಎಳೆಗಳು ತಾವೇ ಕುಗ್ಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ ಎಂದು ಮೊದಲು ಹೇಳಿದ್ದು 1954ರಲ್ಲಿ. ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಎಂಬ ಮಹಿಳಾ ವಿಜ್ಞಾನಿ ಒಂದು ಕಡೆ, ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗರ್ಕೆ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ಮಾತಿಗೆ ಬಂದಿದ್ದರು. ಈ ಇಬ್ಬರು ಹಕ್ಸ್‌ಲಿಗಳು ಸಂಬಂಧಿಕರಲ್ಲ!

ಆದರೆ ಮಯೋಸಿನ್ ಹಗ್ಗದ ಮೇಲೆ ಓಡುವುದನ್ನು ಕಣ್ಣಾರೆ ಕಾಣಬೇಕಲ್ಲ? 1983ರಲ್ಲಿ ಅಮೆರಿಕದ ಜೇಮ್ಸ್ ಸ್ಪುಡಿಚ್ ಮತ್ತು ಮೈಕಲ್ ಶೀಟ್ಸ್ ಅದಕ್ಕೆ ಒಂದು ಉಪಾಯ ಮಾಡಿದರು. ಸಿಹಿನೀರಿನ ಕೊಳದಲ್ಲಿ ಬೆಳೆಯುವ ನೈಟೆಲ್ಲಾ ಎಂಬ ಪಾಚಿಯ ಜೀವಕೋಶ ಬಹಳ ದೊಡ್ಡದು, ಅದರೊಳಗೆ ಆಕ್ಟಿನ್ ಹಗ್ಗಗಳು ಸಾಲಾಗಿ ಹಾಸಿಕೊಂಡಿರುತ್ತವೆ. ಕೋಶವನ್ನು ಸೀಳಿ, ಮಯೋಸಿನ್ ಹಚ್ಚಿದ ಪುಟ್ಟ ಮಣಿಗಳನ್ನು ಅದರ ಮೇಲೆ ಹಾಕಿ ಎಟಿಪಿ ಕೊಟ್ಟರೆ ಮಣಿಗಳು ಹೊರಟೇಬಿಟ್ಟವು! ಎರಡು ವರ್ಷದ ನಂತರ ರೊನಾಲ್ಡ್ ವೇಲ್ ಮತ್ತು ಜೊತೆಗಾರರು ನರಕೋಶದೊಳಗೆ ಸಾಮಾನು ಹೊತ್ತು ನಡೆಯುವ 'ಕೈನೆಸಿನ್' ಎಂಬ ಇನ್ನೊಂದು ಪ್ರೊಟೀನನ್ನು ಪತ್ತೆ ಮಾಡಿದರು. ಸ್ಪುಡಿಚ್, ಶೀಟ್ಸ್, ವೇಲ್ ಮೂವರಿಗೂ 2012ರಲ್ಲಿ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಬಂತು.

ಬೆರಳು ಕೊಯ್ದುಕೊಂಡಾಗಲೂ ಇದೇ

ಈ ಹಗ್ಗ, ಈ ಕೈ ಸ್ನಾಯುವಿಗೆ ಮಾತ್ರ ಮೀಸಲಲ್ಲ. ಮೆಟ್ಟುಕತ್ತಿಯಲ್ಲಿ ಬೆರಳು ಕೊಯ್ದುಕೊಂಡಿರಿ ಅನ್ನಿ. ಬಿಳಿ ರಕ್ತಕಣಗಳು ಗಾಯದ ಕಡೆಗೆ ತೆವಳಿಕೊಂಡು ಬರುತ್ತವೆ. ಮುಂದೆ ಆಕ್ಟಿನ್ ಬೆಳೆದು ಕೋಶದ ಅಂಚನ್ನು ತಳ್ಳುತ್ತದೆ, ಹಿಂದಿನಿಂದ ಮಯೋಸಿನ್ ಬಾಲವನ್ನು ಎಳೆದುಕೊಳ್ಳುತ್ತದೆ. ಬಸವನಹುಳು ಹೋದ ಹಾಗೆ! ಆಮೇಲೆ ಬೇರೆ ಕೆಲವು ಕೋಶಗಳು ಬಂದು ಗಾಯದ ಎರಡೂ ಅಂಚುಗಳನ್ನು ಹತ್ತಿರ ಎಳೆಯುತ್ತವೆ. ಅದಕ್ಕೇ ದೊಡ್ಡ ಗಾಯದ ಕಲೆ ಕೊನೆಗೆ ಸಣ್ಣದಾಗುವುದು.

ಹಸುಗೂಸು ಎದೆಗೆ ಬಾಯಿ ಹಾಕಿದ ಸ್ವಲ್ಪ ಹೊತ್ತಿಗೆ ಹಾಲು ಇಳಿಯುತ್ತದಲ್ಲ, ಅದೂ ಹಾಲಿನ ಗ್ರಂಥಿಯ ಸುತ್ತ ಬಲೆಯಂತೆ ಹೆಣೆದುಕೊಂಡ ಕೋಶಗಳು ಹಿಂಡುವುದರಿಂದಲೇ. ಹೆರಿಗೆ ನೋವಿನಲ್ಲಿ ಗರ್ಭಕೋಶ ಬಿಗಿಯುವುದೂ ಹಾಗೆಯೇ. ಎರಡು ನೋವಿನ ನಡುವೆ ಸಡಿಲಾಗುವ ಆ ಬಿಡುವು ಇರುವುದರಿಂದಲೇ ಮಗುವಿಗೆ ಸರಿಯಾಗಿ ರಕ್ತ ಹೋಗುವುದು.

ಹೃದಯ ಬಿಡಲು ಮರೆತಾಗ

ಈಗ ಮುಖ್ಯ ವಿಷಯಕ್ಕೆ ಬರೋಣ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ನಾವು ಆರಾಮವಾಗಿ ಕೂತಿದ್ದಾಗ ಪ್ರತಿ ಬಡಿತದ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಹಿಂಡುವ ಸಮಯ. ಉಳಿದ ಎರಡು ಪಾಲು ಸಡಿಲಾಗಿ ರಕ್ತ ತುಂಬಿಕೊಳ್ಳುವುದಕ್ಕೆ. ಹೃದಯದ ಸ್ನಾಯುವಿಗೆ ಬೇಕಾದ ರಕ್ತವೂ ಹೆಚ್ಚಾಗಿ ಹರಿಯುವುದು ಆಗಲೇ. ಆರೋಗ್ಯವಂತ ಹೃದಯದಲ್ಲಿ ಮಯೋಸಿನ್ ಕೈಗಳಲ್ಲಿ ಬಹಳಷ್ಟು ಮಡಚಿಕೊಂಡು ವಿಶ್ರಾಂತಿಯಲ್ಲಿರುತ್ತವೆ, ಬೇಕಾದಾಗ ಮಾತ್ರ ಎದ್ದು ಬರುತ್ತವೆ ಎಂಬುದು ಈಚಿನ ವರ್ಷಗಳ ದೊಡ್ಡ ತಿಳಿವಳಿಕೆ.

ಕೆಲವರಲ್ಲಿ ಹುಟ್ಟಿನಿಂದಲೇ ಬಂದ ಜೀನ್ ದೋಷದಿಂದ ಈ ವಿಶ್ರಾಂತಿ ಕೆಡುತ್ತದೆ. ಹೆಚ್ಚು ಕೈಗಳು ಒಟ್ಟಿಗೇ ಹಗ್ಗ ಹಿಡಿಯುತ್ತವೆ. ಹೃದಯ ಬೇಕಾದ್ದಕ್ಕಿಂತ ಜೋರಾಗಿ ಹಿಂಡುತ್ತದೆ, ಸರಿಯಾಗಿ ಸಡಿಲಾಗುವುದಿಲ್ಲ. ವರ್ಷಗಳು ಕಳೆದಂತೆ ಅದರ ಗೋಡೆ ದಪ್ಪವಾಗುತ್ತದೆ. ಇದೇ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ, ಚುಟುಕಾಗಿ ಎಚ್‌ಸಿಎಂ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರಬಹುದು ಎಂಬುದು ವೈದ್ಯರ ಸಾಮಾನ್ಯ ಅಂದಾಜು. ಹೆಚ್ಚಿನವರು ತೊಂದರೆಯಿಲ್ಲದೆ ಬಾಳುತ್ತಾರೆ. ಕೆಲವರಿಗೆ ಏದುಸಿರು, ಎದೆಬಡಿತ, ತಲೆತಿರುಗಿ ಬೀಳುವುದು ಇರುತ್ತದೆ. ಅಪರೂಪಕ್ಕೆ, ಆಡುತ್ತಾ ಓಡುತ್ತಾ ಇದ್ದ ಹುಡುಗರು ಕುಸಿದು ಬೀಳುವುದಕ್ಕೂ ಇದು ಕಾರಣವಾಗುತ್ತದೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಎಷ್ಟು ಮನೆಗಳು ಹೆದರಿದ್ದವು, ನೆನಪಿದೆಯಲ್ಲ? ಹಠಾತ್ ಸಾವೆಲ್ಲ ಎಚ್‌ಸಿಎಂ ಅಲ್ಲ. ನಡುವಯಸ್ಸಿನಲ್ಲಿ ಹೆಚ್ಚಾಗಿ ರಕ್ತನಾಳದ ತೊಂದರೆಯೇ ಕಾರಣ. ಆದರೆ ತೀರಾ ಎಳೆಯ ವಯಸ್ಸಿನ ಸಾವು ಒಂದೇ ಕುಟುಂಬದಲ್ಲಿ ಮತ್ತೆ ಆಗಿದ್ದರೆ ಸುಮ್ಮನಿರಬಾರದು.

ನಮ್ಮ ನಾಡಿನ ಲೆಕ್ಕ

2009ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಮತ್ತು ಜೊತೆಗಾರರು ಒಂದು ವಿಷಯ ಪ್ರಕಟಿಸಿದರು. ಮಯೋಸಿನ್ ಕೈಗಳನ್ನು ಹದ್ದುಬಸ್ತಿನಲ್ಲಿಡುವ ಮೇಸ್ತ್ರಿಯಂಥ ಇನ್ನೊಂದು ಪ್ರೊಟೀನ್ ಇದೆ. ಅದರ ಜೀನಿನಲ್ಲಿ 25 'ಅಕ್ಷರ' ಬಿಟ್ಟುಹೋಗಿರುವುದು ಭಾರತದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಮಂದಿಯಲ್ಲಿ ಕಾಣುತ್ತದೆ ಎಂದು. ಹೆದರಬೇಡಿ, ಇವರೆಲ್ಲರಿಗೂ ರೋಗ ಬರುವುದಿಲ್ಲ. ಅದರ ಜೊತೆಗೇ ಸಾಗಿ ಬರುವ ಇನ್ನೊಂದು ಅಪರೂಪದ ಬದಲಾವಣೆ ಇರುವವರಿಗೇ ಹೆಚ್ಚು ಅಪಾಯ ಎಂದು ಆಮೇಲಿನ ಅಧ್ಯಯನಗಳು ಹೇಳಿವೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಈ ಬಗ್ಗೆ ಸಂಶೋಧನೆ ಮುಂದುವರಿದಿದೆ. ಪಾಚಿಯ ಪ್ರಯೋಗ ಮಾಡಿದ ಸ್ಪುಡಿಚ್ ಕೂಡ ಅಲ್ಲಿನ ಹೃದಯ ಸ್ನಾಯುವಿನ ಸಂಶೋಧನೆಗೆ ಕೈಜೋಡಿಸಿದವರೇ.

ಹೊಸ ಮಾತ್ರೆ ಬಂದಿದೆ, ಆದರೆ...

ಸ್ಪುಡಿಚ್ ಮತ್ತಿತರರು ಕಟ್ಟಿದ ಕಂಪನಿಯಲ್ಲಿ ರೂಪುಗೊಂಡ 'ಮವಕಾಮ್ಟೆನ್' ಮಾತ್ರೆಗೆ ಅಮೆರಿಕದಲ್ಲಿ 2022ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮಾಡುವ ಕೆಲಸ ಇಷ್ಟೇ: ಮಯೋಸಿನ್ ಕೈಗಳಲ್ಲಿ ಕೆಲವಕ್ಕೆ "ಸ್ವಲ್ಪ ಕೂತ್ಕೊಳ್ಳಿ" ಅನ್ನುತ್ತದೆ! ದಪ್ಪವಾದ ಗೋಡೆ ರಕ್ತ ಹೊರಹೋಗುವ ದಾರಿಗೆ ಅಡ್ಡ ಬಂದವರಿಗೆ ಇದರಿಂದ ಉಸಿರಾಟ ಸುಲಭವಾಗುತ್ತದೆ. ಆ ಅಡ್ಡಿ ಇಲ್ಲದವರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ 2025ರಲ್ಲಿ ನಿರೀಕ್ಷಿಸಿದ ಫಲ ಸಿಗಲಿಲ್ಲ.

ಇದು ಕೇಳಿ ತಂದು ನುಂಗುವ ಮಾತ್ರೆಯಲ್ಲ. ಜಾಸ್ತಿ ಕೈಗಳು ಕೂತರೆ ಹೃದಯವೇ ದುರ್ಬಲವಾಗುತ್ತದೆ, ಹಾಗಾಗಿ ಆಗಾಗ ಎಕೋ ಮಾಡಿಸಲೇಬೇಕು. ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಯಾಗಬಹುದಾದ್ದರಿಂದ ಮಗುವಾಗುವ ವಯಸ್ಸಿನವರು ವಿಶೇಷ ಎಚ್ಚರ ವಹಿಸಬೇಕು. ಬೀಟಾ ಬ್ಲಾಕರ್‌ನಂತಹ ಹಳೆಯ ಔಷಧಿಗಳೇ ಈಗಲೂ ಮೊದಲ ಚಿಕಿತ್ಸೆ.

ನೀವೇನು ಮಾಡಬಹುದು?

* ಕೆಲಸ ಮಾಡುವಾಗ ಅಥವಾ ಮಾಡಿದ ಕೂಡಲೇ ಕಣ್ಣು ಕತ್ತಲೆ ಬಂದು ಬಿದ್ದರೆ ಅದನ್ನು 'ಸುಸ್ತು' ಅಂತ ತಳ್ಳಿಹಾಕಬೇಡಿ. ಗಂಡಸರಿಗಿಂತ ಹೆಂಗಸರಲ್ಲಿ ಈ ರೋಗ ಗೊತ್ತಾಗುವುದು ತಡ. ಗೊತ್ತಾಗುವಾಗ ತೊಂದರೆಯೂ ಹೆಚ್ಚಾಗಿರುತ್ತದೆ.

* ವೈದ್ಯರ ಹತ್ತಿರ ಹೋದಾಗ ನಿಮ್ಮ ತೊಂದರೆಯ ಜೊತೆಗೆ ಕುಟುಂಬದ ವಿಷಯವನ್ನೂ ಹೇಳಿ. "ನಮ್ಮಲ್ಲಿ ಸಣ್ಣ ಪ್ರಾಯಕ್ಕೇ ಇಂಥವರು ಹೋಗಿದ್ದಾರೆ" ಎಂಬ ಒಂದೇ ಮಾತು ಅವರ ಯೋಚನೆಯ ದಿಕ್ಕನ್ನೇ ಬದಲಿಸಬಹುದು.

* ಪರೀಕ್ಷೆ ಸುಲಭ. ಇಸಿಜಿ ಮತ್ತು ಎಕೋ. ಎಕೋ ಅಂದರೆ ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ತರಹದ್ದೇ, ನೋವಿಲ್ಲ, ಎಕ್ಸ್‌ರೇಯೂ ಇಲ್ಲ. ಹೃದಯದ ಗೋಡೆಯ ದಪ್ಪ ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಆಸುಪಾಸು. ದೊಡ್ಡವರಲ್ಲಿ ಒಂದೂವರೆ ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ ವೈದ್ಯರು ಎಚ್‌ಸಿಎಂ ಬಗ್ಗೆ ಯೋಚಿಸುತ್ತಾರೆ. ಬಹಳ ಕಾಲದ ಬಿ.ಪಿ.ಯಿಂದಲೂ ಗೋಡೆ ದಪ್ಪವಾಗುವುದುಂಟು, ಹಾಗಾಗಿ ರಿಪೋರ್ಟ್ ನೋಡಿ ನೀವೇ ತೀರ್ಮಾನಿಸಬೇಡಿ. ನಮ್ಮ ಕಡೆಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಹೃದ್ರೋಗ ವಿಭಾಗವಿದೆ, ಬೆಂಗಳೂರಿನಲ್ಲಿ ಜಯದೇವ ಇದೆ.

* ಮನೆಯಲ್ಲಿ ಒಬ್ಬರಿಗೆ ಎಚ್‌ಸಿಎಂ ಎಂದು ಗೊತ್ತಾದರೆ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಬೇಕು. ಜೀನ್ ದೋಷದಿಂದ ಬಂದದ್ದಾದರೆ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡು-ಹೆಣ್ಣು ಭೇದವಿಲ್ಲ. ಒಮ್ಮೆ ನಾರ್ಮಲ್ ಬಂತು ಅಂತ ಬಿಡುವ ಹಾಗಿಲ್ಲ, ವೈದ್ಯರು ಹೇಳಿದಷ್ಟು ವರ್ಷಕ್ಕೊಮ್ಮೆ ಮತ್ತೆ ನೋಡಿಸಬೇಕು.

* ರೋಗ ಇರುವವರು ದೇಹದಲ್ಲಿ ನೀರು ಕಡಿಮೆಯಾಗಲು ಬಿಡಬಾರದು. ಏಕಾದಶಿಯ ನಿರ್ಜಲ ಉಪವಾಸ, ಕರಾವಳಿಯ ಬೇಸಿಗೆಯ ಬೆವರು ಎರಡರಲ್ಲೂ ಜಾಗ್ರತೆ. ವೈದ್ಯರನ್ನು ಕೇಳಿಯೇ ಮಾಡಿ.

* ನಡಿಗೆ ನಿಲ್ಲಿಸಬೇಡಿ. ಮಕ್ಕಳ ಕಬಡ್ಡಿ, ಓಟದ ಪಂದ್ಯದ ಬಗ್ಗೆ ಮಾತ್ರ ಹೃದ್ರೋಗ ತಜ್ಞರ ಸಲಹೆ ಪಡೆಯಿರಿ.

ಕುಟುಂಬದ ಮನೆಯಲ್ಲಿ ಕೇಳಿ ನೋಡಿ

ನಮ್ಮ ತುಳುನಾಡಿನಲ್ಲಿ ಆಸ್ತಿಗೆ ಅಳಿಯಕಟ್ಟೋ ಮಕ್ಕಳಕಟ್ಟೋ ಎಂಬ ಲೆಕ್ಕ ಇರಬಹುದು. ಜೀನಿಗೆ ಆ ಲೆಕ್ಕ ಇಲ್ಲ, ಅಮ್ಮನ ಕಡೆಯಿಂದಲೂ ಬರುತ್ತದೆ, ಅಪ್ಪನ ಕಡೆಯಿಂದಲೂ ಬರುತ್ತದೆ. ನಾಗರಪಂಚಮಿಗೋ ತಂಬಿಲಕ್ಕೋ ಕುಟುಂಬದ ಮನೆಯಲ್ಲಿ ಎಲ್ಲರೂ ಸೇರಿದಾಗ ಹಿರಿಯರ ಹತ್ತಿರ ಕೂತು ವಿಚಾರಿಸಿ. ಸಣ್ಣ ಪ್ರಾಯದಲ್ಲಿ ತೀರಿಕೊಂಡ ಮಾವ ಯಾರು, ಗದ್ದೆಯಲ್ಲಿ ಕುಸಿದುಬಿದ್ದ ಚಿಕ್ಕಮ್ಮ ಯಾರು, ಆಗ ಅವರಿಗೆ ಎಷ್ಟು ವಯಸ್ಸು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. "ಅದೆಲ್ಲ ದೋಷ" ಎನ್ನುವವರು ಇರುತ್ತಾರೆ. ಪ್ರಶ್ನೆ ಇಡಿಸುವವರು ಇಡಿಸಲಿ, ಜಗಳ ಬೇಡ. ಅದರ ಜೊತೆ ಒಂದು ಎಕೋ ಕೂಡ ಆಗಲಿ ಎಂದು ಹೇಳಿ, ಹೇಳಿದವರು ನೀವೇ ಕರೆದುಕೊಂಡು ಹೋಗಿ ಮಾಡಿಸಿ. ಮೊದಲು ನಿಮ್ಮದನ್ನು ಮಾಡಿಸಿಕೊಳ್ಳಿ, ಆಯ್ತಾ?