ಸೊಳ್ಳೆ ಎಷ್ಟು ದೂರ ಹೋದೀತು?

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ಬಸಿನೀರು ನಿಂತ ಗುಂಡಿಗೆ ಆಶಾ ಕಾರ್ಯಕರ್ತೆ ಬಿಳಿ ಸೌಟು ಅದ್ದಿ ಎತ್ತಿದರು. ಅಕ್ಕಿಕಾಳಿಗಿಂತ ಸಣ್ಣ ಹುಳುಗಳು. "ಅಡ್ಡ ಮಲಗ್ಯಾವ ನೋಡ್ರಿ, ಇವು ಮಲೇರಿಯಾದ್ವು. ತಲಿ ಕೆಳಗ ಮಾಡಿ ಜೋತುಬೀಳೋವು ಬ್ಯಾರೆ ಜಾತಿ" ಎಂದರು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮರಿಗೆ ಉದ್ದನೆಯ ಉಸಿರುಕೊಳವೆ ಇಲ್ಲ. ಅದಕ್ಕೇ ಇಡೀ ಮೈಯನ್ನು ನೀರಿನ ಮೇಲ್ಮೈಗೆ ಹಚ್ಚಿಕೊಂಡಿರುತ್ತದೆ. ರೆಕ್ಕೆ ಬಲಿತ ಮೇಲೆ ಇದು ಎಷ್ಟು ದೂರ ಹೋದೀತು?

ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಅದೇ ಸೀಮೆಯ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡರು. ಮುಂದೆ 1904ರಲ್ಲಿ, ಸೊಳ್ಳೆ ನಿರ್ಮೂಲ ಮಾಡಿದ ಜಾಗಕ್ಕೆ ಹೊರಗಿನವು ಎಷ್ಟು ನುಗ್ಗುತ್ತವೆಂದು ಲೆಕ್ಕಕ್ಕಿಳಿದರು. ಪ್ರಶ್ನೆ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಕೈಗೆ ಬಂತು.

ಪಿಯರ್ಸನ್ 1905ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದನ್ನು ಒಗಟಾಗಿಸಿದರು: ಒಬ್ಬ ಒಂದಷ್ಟು ಗಜ ನೇರ ನಡೆದು, ಮನಬಂದ ದಿಕ್ಕಿಗೆ ತಿರುಗಿ, ಮತ್ತೆ ಅಷ್ಟೇ ನಡೆಯುತ್ತಾನೆ. ಕೊನೆಗೆ ಎಲ್ಲಿರುತ್ತಾನೆ? ಧ್ವನಿತರಂಗಗಳ ವಿಷಯದಲ್ಲಿ 1880ರಲ್ಲೇ ಇದನ್ನು ಬಿಡಿಸಿದ್ದೇನೆ ಎಂದು ಭೌತವಿಜ್ಞಾನಿ ಲಾರ್ಡ್ ರೇಲಿ ಉತ್ತರಿಸಿದರು. ಹೀಗೆ ದಿಕ್ಕೆಟ್ಟು ನಡೆಯುವ ಕುಡುಕನನ್ನು ಬಯಲಲ್ಲಿ ಹುಡುಕುವುದಾದರೆ ಅವನು ಹೊರಟ ಜಾಗದ ಆಸುಪಾಸಿನಲ್ಲೇ ಹುಡುಕಿ ಎಂಬುದು ಪಿಯರ್ಸನ್ ತೀರ್ಮಾನ. ನನಗೆ ಈ ಕುಡುಕನ ಮೇಲೆ ಬಹಳ ಅಕ್ಕರೆ. ನೂರು ಹೆಜ್ಜೆ ಹಾಕಿದವನು ಸುಮಾರು ಹತ್ತು ಹೆಜ್ಜೆ ದೂರದಲ್ಲಿ ಸಿಗುತ್ತಾನೆ. ನಾನೂರು ಹಾಕಿದರೆ ಇಪ್ಪತ್ತು. ನಡಿಗೆ ನಾಲ್ಕು ಪಟ್ಟಾದರೂ ದೂರ ಎರಡೇ ಪಟ್ಟು. 50 ಮೀಟರಿಗೊಮ್ಮೆ ದಿಕ್ಕು ಬದಲಿಸುವ ಸೊಳ್ಳೆ ಐದು ಕಿಲೋಮೀಟರ್ ಹಾರಿದರೂ ಹುಟ್ಟಿದ ಗುಂಡಿಯಿಂದ ಅರ್ಧ ಕಿಲೋಮೀಟರ್ ಆಚೆ ಈಚೆಯೇ ಇರುತ್ತದೆ!

ಆದರೆ ಸೊಳ್ಳೆ ಪೂರಾ ಕುಡುಕನಲ್ಲ. ಗಾಳಿ ಅದನ್ನು ತಳ್ಳುತ್ತದೆ, ದನದ ಕೊಟ್ಟಿಗೆಯ ವಾಸನೆ ಕರೆಯುತ್ತದೆ. ನಾರಾಯಣಪುರ ಬಲದಂಡೆ ನಾಲೆಯ ದೇವದುರ್ಗದ ಕಡೆಯಾಗಲಿ, ಮಾನ್ವಿಯ ಭತ್ತದ ಗದ್ದೆಗಳಲ್ಲಾಗಲಿ ನೀರು ಒಂದೇ ಗುಂಡಿಯಲ್ಲಿ ನಿಲ್ಲುವುದಿಲ್ಲ. ಮೈಲುಗಟ್ಟಲೆ ಉದ್ದಕ್ಕೂ ಸೊಳ್ಳೆ ಹುಟ್ಟುತ್ತಲೇ ಇರುತ್ತದೆ. ರಾಯಚೂರು ನಗರದಲ್ಲಾದರೆ ಮುಚ್ಚಳವಿಲ್ಲದ ತಾರಸಿ ಟ್ಯಾಂಕೇ ಅದರ ತವರು.

ಆದರೂ ಲೆಕ್ಕದ ತಿರುಳು ನಮಗೆ ಬೇಕಾದ್ದೇ. ನಮ್ಮನ್ನು ಕಚ್ಚುವ ಸೊಳ್ಳೆ ಬಹುಪಾಲು ಹತ್ತಿರದಲ್ಲೇ ಹುಟ್ಟಿದ್ದು, ಹಾಗಾಗಿ ಗುಂಡಿ ಮುಚ್ಚಿದ ಶ್ರಮ ವ್ಯರ್ಥವಲ್ಲ. ಇನ್ನೊಂದು ಮಾತೂ ಆ ಗಣಿತದಲ್ಲಿದೆ: ಸ್ವಚ್ಛ ಮಾಡಿದ ಜಾಗದ ನಡುವೆ ಸೊಳ್ಳೆ ತೀರಾ ಕಡಿಮೆಯಾದರೂ ಅಂಚಿನಲ್ಲಿ ಮೊದಲಿನ ಅರ್ಧದಷ್ಟು ಉಳಿಯುತ್ತದೆ. ನಮ್ಮ ಊರುಗಳ ಅಂಚಿನಲ್ಲಿರುವುದು ಹೆಚ್ಚಾಗಿ ಕೂಲಿಯವರ ಮನೆಗಳು. ಬಸಿನೀರು ತೆಗೆಯುವ ಕೆಲಸ ಊರ ಕೊನೆಯ ಮನೆಗೆ ಬಂದು ನಿಲ್ಲಬಾರದು, ಆ ಮನೆಯಾಚೆಯ ಅರ್ಧ ಕಿಲೋಮೀಟರಿನಿಂದಲೇ ಶುರುವಾಗಬೇಕು.