ಹೆಚ್‌ಪಿ ಕೇಳುವ ಮುನ್ನ ಗಾಲಿ ನೋಡಿ

ಟ್ರ್ಯಾಕ್ಟರ್ ಕೊಳ್ಳುವ ಮೊದಲು ನನ್ನ ಗ್ಯಾರೇಜಿಗೆ ಬಂದು ಸಲಹೆ ಕೇಳುವವರು ಬಹಳ ಮಂದಿ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: 'ಮಿಸ್ತ್ರಿ, ಎಷ್ಟು ಹೆಚ್‌ಪಿ ತಗೊಳ್ಳಲಿ?' ಗಾಲಿಯ ಬಗ್ಗೆ ಕೇಳುವವರು ಕಡಿಮೆ. ಆದರೆ ಮಳೆ ಬಿದ್ದ ಮಾರನೇ ದಿನ ಫೋನ್ ಬರುವುದೆಲ್ಲ ಗಾಲಿಯ ವಿಷಯಕ್ಕೇ.

ನಾನು ಇಂಡಿ ತಾಲ್ಲೂಕಿನವನು. ಹೊಟ್ಟೆಪಾಡಿಗೆಂದು ಈ ಕಡೆ ಬಂದು ಸಾಸವಡದಲ್ಲೇ ನೆಲೆಯೂರಿದೆ. ಪುಣೆಯಿಂದ ದಿವೆ ಘಾಟ್ ಹತ್ತಿ ಬಂದರೆ ಕರ್ಹಾ ನದಿಯ ದಂಡೆಯ ಈ ಊರು ಸಿಗುತ್ತದೆ. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಇದೇ ಘಾಟ್ ಹತ್ತಿ ಇಲ್ಲಿ ತಂಗಿ, ಜೇಜುರಿಗೆ ಹೋಗುತ್ತದೆ. ಜೇಜುರಿಯ ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ ಆದ್ದರಿಂದ ನಮ್ಮ ಕಡೆಯ ಜನರೂ ಇಲ್ಲಿಗೆ ಬರುತ್ತಲೇ ಇರುತ್ತಾರೆ. ಬಂದವರು ದಾರಿಯಲ್ಲಿ ಅಂಜೂರ ಕೊಳ್ಳದೆ ಹೋಗುವುದಿಲ್ಲ. ನಮ್ಮ ಈ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸೀತಾಫಲಕ್ಕೂ ಈ ಸೀಮೆ ಹೆಸರುವಾಸಿ.

ಈ ತೋಟಗಳೇ ಇಲ್ಲಿ ಸಣ್ಣ ಟ್ರ್ಯಾಕ್ಟರನ್ನು ಬೆಳೆಸಿದವು. ಅಂಜೂರದ ಸಾಲುಗಳ ನಡುವೆ ಐದು ಮೀಟರ್ ಬಿಟ್ಟಿದ್ದರೂ ಕೊಂಬೆಗಳು ಎರಡೂ ಕಡೆಯಿಂದ ಬಾಗಿ ಬಂದಿರುತ್ತವೆ. ಐವತ್ತು ಹೆಚ್‌ಪಿಯ ದೊಡ್ಡ ಗಾಡಿ ನುಗ್ಗಿಸಿದರೆ ಕಾಯಿಯೂ ಹೋಯಿತು, ಕೊಂಬೆಯೂ ಹೋಯಿತು. ಹೀಗಾಗಿ ಹದಿನೈದರಿಂದ ಮೂವತ್ತು ಹೆಚ್‌ಪಿಯೊಳಗಿನ, ಒಂದು ಮೀಟರಿನ ಆಸುಪಾಸು ಅಗಲದ ಗಾಡಿಗಳಿಗೇ ಬೇಡಿಕೆ. ಮಹೀಂದ್ರ ಯುವರಾಜ್, ಕುಬೋಟ ನಿಯೋಸ್ಟಾರ್, ನಮ್ಮ ಬೆಂಗಳೂರಿನ ವಿಎಸ್‌ಟಿ ಶಕ್ತಿ, ಹೀಗೆ ಹಲವು ಇವೆ. ಯಾವುದು ಒಳ್ಳೆಯದು ಎಂದು ಹೇಳಿ ನಾನು ಯಾರ ದ್ವೇಷವನ್ನೂ ಕಟ್ಟಿಕೊಳ್ಳುವುದಿಲ್ಲ. ಆದರೆ ಎಲ್ಲಕ್ಕೂ ಇರುವ ಕೊರತೆ ಒಂದೇ: ಮೈ ಹಗುರ. ಎಂಜಿನ್ ಎಷ್ಟೇ ಜೋರಾಗಿದ್ದರೂ ಆ ಶಕ್ತಿ ನೆಲಕ್ಕೆ ಇಳಿಯಬೇಕಾದದ್ದು ಗಾಲಿಯ ಮೂಲಕ. ಗಾಲಿಯ ಮೇಲೆ ಭಾರವಿಲ್ಲದಿದ್ದರೆ, ಅಥವಾ ಕೆಳಗಿನ ನೆಲ ಗಟ್ಟಿ ಇಲ್ಲದಿದ್ದರೆ, ಗಾಲಿ ಸುಮ್ಮನೆ ತಿರುಗಿ ಗುಂಡಿ ತೋಡುತ್ತದೆ. ಮೇಲೆ ಹೆಚ್‌ಪಿ ಎಷ್ಟು ಬರೆದಿದ್ದರೂ ಆಗ ಅದು ಬರೀ ಅಂಕಿ.

ಇಲ್ಲಿನ ನೆಲವೂ ಒಂದೇ ತೆರನಾಗಿಲ್ಲ. ಗುಡ್ಡದ ಬದಿಯಲ್ಲಿ ಮುರುಮ, ಅಂದರೆ ನಮ್ಮ ಗರಸು, ತಗ್ಗಿನಲ್ಲಿ ಎರೆ. ಒಣಗಿದಾಗ ಬಾಯಿ ಬಿಡುವ ಎರೆ ಮಣ್ಣು ನೀರು ಕುಡಿದರೆ ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡು, ಟೈರನ್ನೇ ನುಣ್ಣಗೆ ಮಾಡಿಬಿಡುತ್ತದೆ. ಅದರ ಮೇಲೆ ಹನಿ ನೀರಾವರಿ. ಒಂದು ಗಾಲಿ ಡ್ರಿಪ್ಪಿನ ಹಸಿಯಲ್ಲಿ, ಇನ್ನೊಂದು ಒಣ ನೆಲದಲ್ಲಿ. ತೋಟದಲ್ಲಿ ದಿನವೂ ಇದೇ ಕಥೆ.

ಹೋದ ಮಳೆಗಾಲದಲ್ಲಿ ಜತ್ ಕಡೆಯ ನಮ್ಮ ಹುಡುಗನೊಬ್ಬ, ಇಲ್ಲೇ ಒಂದು ತೋಟದಲ್ಲಿ ಡ್ರೈವರ್, ಗಾಬರಿಯಿಂದ ಫೋನ್ ಮಾಡಿದ. "ಕಾಕಾ, ಎಡಗಾಲಿ ಗರಗರ ತಿರಗಾಕತ್ತೈತಿ, ಬಲಗಾಲಿ ಅಲ್ಲಾಡವಲ್ದು. ಹಿಂದಿನ ಹೌಸಿಂಗ್ ಬಿಚ್ಚಬೇಕೇನು?"

"ಏನೂ ಬಿಚ್ಚಬ್ಯಾಡ. ಬಲಗಾಲ ಹಿಮ್ಮಡಿ ಹತ್ರ ಸಣ್ಣದೊಂದು ಪೆಡಲ್ ಐತಿ ನೋಡು."

"ಅದು ಯಾತಕ್ಕಂತ ಯಾರೂ ಹೇಳೇ ಇಲ್ಲ ಕಾಕಾ."

ಹೋಗಿ ನೋಡಿದರೆ ಆ ಪೆಡಲ್ ಒಣಗಿದ ಮಣ್ಣಿನಲ್ಲಿ ಅಂಟಿಕೊಂಡು ಅಲ್ಲಾಡುವ ಸ್ಥಿತಿಯಲ್ಲೇ ಇರಲಿಲ್ಲ. ಕೆರೆದು, ಎಣ್ಣೆ ಬಿಟ್ಟು, ಒತ್ತಿ ಹಿಡಿದು ನಿಧಾನ ಕ್ಲಚ್ ಬಿಟ್ಟರೆ ಗಾಡಿ ತಾನಾಗಿ ಮೇಲೆದ್ದಿತು. ಅದೇ ಡಿಫರೆನ್ಷಿಯಲ್ ಲಾಕ್.

ಅದರ ಕೆಲಸ ಅರ್ಥವಾಗಬೇಕಾದರೆ ಡಿಫರೆನ್ಷಿಯಲ್ ಯಾಕಿದೆ ಎಂದು ಮೊದಲು ತಿಳಿಯಬೇಕು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಗಾಡಿ ತಿರುಗುವುದಿಲ್ಲ. ಅದಕ್ಕೇ ನಡುವೆ ಹಲ್ಲುಚಕ್ರಗಳ ಜೋಡಣೆ ಇಟ್ಟು ಎರಡಕ್ಕೂ ಬೇರೆ ಬೇರೆ ವೇಗ ಸಿಗುವಂತೆ ಮಾಡಿದ್ದಾರೆ. ರಸ್ತೆಯಲ್ಲಿ ಇದು ಬೇಕೇ ಬೇಕು. ಕೆಸರಿನಲ್ಲಿ ಇದೇ ಶತ್ರು: ನೀರು ಇಳಿಜಾರನ್ನು ಹುಡುಕಿಕೊಂಡು ಹೋದಂತೆ ಎಂಜಿನ್ನಿನ ತಿರುಗಾಟವೆಲ್ಲ ತಡೆ ಕಡಿಮೆ ಇರುವ, ಅಂದರೆ ಜಾರುತ್ತಿರುವ ಗಾಲಿಗೇ ಹರಿದು ಹೋಗುತ್ತದೆ. ಲಾಕ್ ಒತ್ತಿದರೆ ಎರಡು ಗಾಲಿಗಳೂ ಕೂಡಿ ತಿರುಗುತ್ತವೆ. ಗಟ್ಟಿ ನೆಲದಲ್ಲಿರುವ ಗಾಲಿ ಗಾಡಿಯನ್ನು ಎಳೆದು ತರುತ್ತದೆ.

ಗಾಲಿ ರಭಸದಿಂದ ತಿರುಗುತ್ತಿರುವಾಗ ಒತ್ತಬೇಡಿ, ಹಲ್ಲು ಮುರಿಯುತ್ತದೆ. ನಿಂತಾಗ ಒತ್ತಿ, ನೇರವಾಗಿ ಮಾತ್ರ ನಡೆಸಿ, ಗಟ್ಟಿ ನೆಲ ಸಿಕ್ಕ ಕೂಡಲೇ ಬಿಡಿ. ಕಾಲು ತೆಗೆದರೂ ಲಾಕ್ ಬಿಡದಿದ್ದರೆ ಕ್ಲಚ್ ಒಮ್ಮೆ ತುಳಿದರೆ ಸಾಮಾನ್ಯವಾಗಿ ಬಿಡುತ್ತದೆ. ಲಾಕ್ ಹಾಕಿಕೊಂಡೇ ಸ್ಟೇರಿಂಗ್ ತಿರುಗಿಸಿದರೆ ಗಾಡಿ ನಿಮ್ಮ ಮಾತು ಕೇಳದೆ ನೇರ ಹೋಗುತ್ತದೆ. ಬದುವಿನ ಪಕ್ಕದಲ್ಲಿ ಅದು ಪ್ರಾಣದ ಪ್ರಶ್ನೆ. ಲಾಕ್ ಇಲ್ಲದ ಹಳೇ ಗಾಡಿಯಲ್ಲಿ ಹಿಂದಿನ ಎರಡು ಗಾಲಿಗೂ ಬೇರೆ ಬೇರೆ ಬ್ರೇಕ್ ಇರುತ್ತದಲ್ಲ, ಜಾರುತ್ತಿರುವ ಗಾಲಿಯ ಬ್ರೇಕನ್ನು ಮೆಲ್ಲಗೆ ತುಳಿದರೆ ಶಕ್ತಿ ಇನ್ನೊಂದಕ್ಕೆ ಹೋಗುತ್ತದೆ. ರಸ್ತೆಗೆ ಇಳಿಯುವ ಮುನ್ನ ಮಾತ್ರ ಎರಡೂ ಪೆಡಲ್‌ಗಳ ನಡುವಿನ ಚಿಲಕ ಹಾಕಲೇಬೇಕು.

ಇನ್ನು ಫೋರ್ ಬೈ ಫೋರ್. ಜಪಾನಿನ ಗದ್ದೆಗಳಲ್ಲಿ ಇದು ಬಹಳ ಹಿಂದಿನಿಂದಲೂ ಇದೆ. ನಮ್ಮಲ್ಲಿ ಈಚೆಗೆ ಹೆಚ್ಚಿತು. ಮಹೀಂದ್ರದವರು 2023ರ ಆಗಸ್ಟ್ 15ರಂದು ಹೊರತಂದ ಓಜಾ ಸಾಲಿನ ಎಲ್ಲ ಮಾದರಿಗಳಿಗೂ ನಾಲ್ಕು ಗಾಲಿಯ ಎಳೆತ ಕೊಟ್ಟಿದ್ದಾರೆ. ಎರಡು ಗಾಲಿ ಎಳೆಯುವ ಗಾಡಿಯಲ್ಲಿ ಮುಂದಿನ ಗಾಲಿಗಳ ಮೇಲೆ ಬಿದ್ದ ತೂಕ ಎಳೆತಕ್ಕೆ ಉಪಯೋಗಕ್ಕೆ ಬಾರದು. ನಾಲ್ಕೂ ಎಳೆದರೆ ಆ ತೂಕವೂ ದುಡಿಯುತ್ತದೆ. ಹಗುರ ಗಾಡಿಗೆ ಇದು ದೊಡ್ಡ ಲಾಭ.

ಆದರೆ ಸಾಸವಡದಂಥ ಗುಡ್ಡಸೀಮೆಯಲ್ಲಿ ನಾನು ಫೋರ್ ಬೈ ಫೋರ್ ತಗೊಳ್ಳಿ ಎನ್ನುವುದು ಹತ್ತುವುದಕ್ಕಲ್ಲ, ಇಳಿಯುವುದಕ್ಕೆ. ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಇಳಿಜಾರಿನಲ್ಲಿ ತೂಕವೆಲ್ಲ ಮುಂದಕ್ಕೆ ವಾಲಿ ಹಿಂಗಾಲಿ ಹಗುರವಾಗುತ್ತದೆ. ಬ್ರೇಕ್ ತುಳಿದರೆ ಅದು ನಿಂತು ಮುರುಮದ ಮೇಲೆ ಜಾರುತ್ತದೆ. ಮುಂಗಾಲಿಗೂ ಕೊಂಡಿ ಸೇರಿದ್ದರೆ ಅದೇ ಬ್ರೇಕ್ ನಾಲ್ಕಕ್ಕೂ ಹಂಚಿಕೆಯಾಗುತ್ತದೆ. ಈ ಮಾತನ್ನು ಶೋರೂಮಿನಲ್ಲಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಸಮತಟ್ಟಾದ ಟಾರು ರಸ್ತೆಗೆ ಬಂದ ಮೇಲೆ ಮಾತ್ರ ಲಿವರ್ ಬಿಡಿಸಿ. ಮುಂಗಾಲಿಗಳನ್ನು ಹಿಂದಿನವಕ್ಕಿಂತ ತುಸು ಜೋರಾಗಿ ಓಡುವಂತೆ ಮಾಡಿರುತ್ತಾರೆ; ಮಣ್ಣಿನಲ್ಲಿ ಆ ವ್ಯತ್ಯಾಸ ಸರಿಹೋಗುತ್ತದೆ, ಟಾರಿನ ಮೇಲೆ ಟೈರನ್ನೂ ಗೇರನ್ನೂ ತಿನ್ನುತ್ತದೆ. ಟೈರ್ ಬದಲಿಸುವಾಗ ಅಳತೆ ಕಂಪನಿ ಹೇಳಿದ್ದೇ ಇರಬೇಕೆನ್ನುವುದೂ ಇದೇ ಕಾರಣಕ್ಕೆ.

ಎಲ್ಲರಿಗೂ ಇದು ಬೇಕೇ? ಬೇಡ. ಬರೀ ರೋಟಾವೇಟರ್ ಹೊಡೆಯುವವನಿಗೆ ಎಳೆತದ ಚಿಂತೆ ಕಡಿಮೆ. ಅದರ ಬ್ಲೇಡುಗಳೇ ನೆಲ ಕಚ್ಚಿ ಗಾಡಿಯನ್ನು ಮುಂದಕ್ಕೆ ದೂಡುತ್ತವೆ. ನೇಗಿಲು, ಕಲ್ಟಿವೇಟರ್, ತುಂಬಿದ ಟ್ರಾಲಿ, ಔಷಧದ ಬ್ಲೋವರ್ ಎಳೆಯುವವನಿಗೆ ಗ್ರಿಪ್ ಬೇಕು. ಸಮತಟ್ಟು ಹೊಲದ ನಮ್ಮ ಇಂಡಿಯ ಲಿಂಬೆ ತೋಟದವನಿಗೆ ಸರಿಯಾದ ಟೈರು, ಕೆಲಸ ಮಾಡುವ ಡಿಫ್ ಲಾಕ್ ಇದ್ದರೆ ಸಾಕು. ಉಳಿದ ದುಡ್ಡು ಪೈಪ್‌ಲೈನಿಗೆ ಹಾಕಲಿ.

ಟೈರಿನ ವಿಷಯದಲ್ಲಿ ನನಗೆ ಸಿಟ್ಟು ಬರುವುದು ಗಾಳಿಗೆ. ಕಲ್ಲಿನಷ್ಟು ಗಟ್ಟಿ ಗಾಳಿ ತುಂಬಿಸುತ್ತಾರೆ, ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಹೊಲಕ್ಕೆ ಎಷ್ಟು, ರಸ್ತೆಗೆ ಎಷ್ಟು ಎಂದು ಗಾಡಿಯ ಪುಸ್ತಕದಲ್ಲೇ ಇರುತ್ತದೆ. ಟೈರನ್ನು ಹಿಂದಿನಿಂದ ನೋಡಿದಾಗ ಮೇಲ್ಭಾಗದ ಹಲ್ಲುಗಳ ಮೊನೆ ಮುಂದಕ್ಕೆ ತೋರುವಂತಿರಬೇಕು. ಆಗಲೇ ಕೆಸರು ಹೊರಕ್ಕೆ ಸಿಡಿಯುತ್ತದೆ. ತೂಕ ಬೇಕಾದರೆ ಹಿಂದಿನ ಟ್ಯೂಬಿಗೆ ನೀರು ತುಂಬಬಹುದು: ವಾಲ್ವ್ ತುತ್ತತುದಿಗೆ ಬರುವಂತೆ ನಿಲ್ಲಿಸಿ ವಾಲ್ವಿನ ಮಟ್ಟದವರೆಗೆ, ಸುಮಾರು ಮುಕ್ಕಾಲು ಭಾಗ. ಲೀಟರಿಗೆ ಒಂದು ಕೆಜಿ ಪುಕ್ಕಟೆ ತೂಕ. ಆದರೆ ಅತಿಯಾದರೆ ಮಣ್ಣು ಒತ್ತಿ ಗಟ್ಟಿಯಾಗುತ್ತದೆ, ಅಂಜೂರದ ಮೇಲುಬೇರಿಗೆ ಉಸಿರು ಕಟ್ಟುತ್ತದೆ.

ಸಾಕಷ್ಟು ತೂಕ ಇದೆಯೇ ಎಂದು ನೋಡಲು ಮಿಸ್ತ್ರಿ ಬೇಕಿಲ್ಲ, ಸೀಮೆಸುಣ್ಣ ಸಾಕು. ಹಿಂದಿನ ಟೈರಿಗೆ ಒಂದು ಗೆರೆ ಎಳೆಯಿರಿ. ನೇಗಿಲು ಎತ್ತಿಕೊಂಡು ಗಾಲಿ ಹತ್ತು ಸುತ್ತು ತಿರುಗುವಷ್ಟು ನಡೆಸಿ ದೂರ ಅಳೆಯಿರಿ. ನೇಗಿಲು ಇಳಿಸಿ ಮತ್ತೆ ಹತ್ತು ಸುತ್ತು. ಮೊದಲ ಸಲ 30 ಮೀಟರ್, ಎರಡನೇ ಸಲ 26 ಬಂದರೆ ಜಾರಿಕೆ ನೂರಕ್ಕೆ 13. ಇದು ಒಳ್ಳೆಯ ಲೆಕ್ಕ. 21 ಬಂದರೆ ನೂರಕ್ಕೆ 30, ಡೀಸೆಲನ್ನು ಮಣ್ಣಿಗೆ ಸುರಿಯುತ್ತಿದ್ದೀರಿ. ಜಾರಿಕೆ ಸೊನ್ನೆಗೆ ಹತ್ತಿರ ಬಂದರೂ ಹಿಗ್ಗಬೇಡಿ: ತೂಕ ಜಾಸ್ತಿಯಾಗಿದೆ, ಗೇರ್‌ಬಾಕ್ಸಿಗೆ ಪೆಟ್ಟು.

ಕೊನೆಗೆ ಒಂದು ಮಾತು. ಗಾಡಿ ಹುಗಿದಾಗ ಸರಪಳಿಯನ್ನು ಟಾಪ್ ಲಿಂಕಿಗೋ ಆಕ್ಸಲ್ಲಿಗೋ ಕಟ್ಟಿ ಎಳೆಯಬೇಡಿ. ಎಳೆಯುವ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚಿ ಡ್ರೈವರ್ ಅಡಿಗೆ ಬೀಳುತ್ತಾನೆ. ಕೆಳಗಿನ ಡ್ರಾಬಾರಿಗೇ ಕಟ್ಟಿ. ಮತ್ತು ಈ ಮಳೆ ಶುರುವಾಗುವ ಮೊದಲು ಬಲಹಿಮ್ಮಡಿಯ ಹತ್ತಿರದ ಆ ಪೆಡಲ್ ಒಮ್ಮೆ ಒತ್ತಿ ನೋಡಿ. ಅಲ್ಲಾಡದಿದ್ದರೆ ಇವತ್ತೇ ಎಣ್ಣೆ ಬಿಡಿ.