ಗಿಟಾರ್ ಕೆಳಗಿಟ್ಟ ಯೂಸುಫ್, ಮತ್ತೆ ಎತ್ತಿಕೊಂಡ ಯೂಸುಫ್

ಮದುವೆಯ ಹಿಂದಿನ ರಾತ್ರಿ ಚಪ್ಪರದಡಿಯಲ್ಲಿ ದಫ್ ಸದ್ದು ಕೇಳಿದರೆ ನಮ್ಮ ಹಿರಿಯರ ಮುಖ ಅರಳುತ್ತದೆ. ಅದೇ ಚಪ್ಪರಕ್ಕೆ ಹುಡುಗನೊಬ್ಬ ಗಿಟಾರ್ ತಂದರೆ? "ಇದೆಲ್ಲ ಬೇಕಾ ಮೋನೇ?" ಎಂಬ ಮಾತು ಬಂದೇ ಬರುತ್ತದೆ. ಹಾಡು ಎಲ್ಲಿವರೆಗೆ ಸರಿ, ಎಲ್ಲಿಂದ ಆಚೆ ಸರಿಯಲ್ಲ ಎಂಬ ಚರ್ಚೆ ನಮ್ಮ ಮನೆಗಳಿಗೆ ಹೊಸದಲ್ಲ. ಇದೇ ಪ್ರಶ್ನೆಯನ್ನು ಹೊತ್ತುಕೊಂಡು ಅರ್ಧ ಆಯುಷ್ಯ ಕಳೆದ ಗಾಯಕರೊಬ್ಬರಿದ್ದಾರೆ. ಅವರೇ ಯೂಸುಫ್ ಇಸ್ಲಾಂ. ಜಗತ್ತಿಗೆ ಅವರು ಮೊದಲು ಪರಿಚಯವಾದದ್ದು ಕ್ಯಾಟ್ ಸ್ಟೀವನ್ಸ್ ಎಂಬ ಹೆಸರಲ್ಲಿ.

ಹುಟ್ಟಿದ್ದು ಲಂಡನಿನಲ್ಲಿ, 1948ರ ಜುಲೈ 21ರಂದು. ತಂದೆ ಸೈಪ್ರಸ್ ಮೂಲದ ಗ್ರೀಕ್, ತಾಯಿ ಸ್ವೀಡನ್‌ನವರು. ಹೆತ್ತವರು ಇಟ್ಟ ಹೆಸರು ಸ್ಟೀವನ್ ಜಾರ್ಜಿಯೂ. ಕೆಳಗಡೆ ಅಪ್ಪನ ಹೋಟೆಲು, ಮೇಲ್ಗಡೆ ಮನೆ. ಊರಿಂದೂರಿಗೆ ಹೋಗಿ ಹೋಟೆಲು ನಡೆಸಿದ ನಮ್ಮ ಕುಟುಂಬಗಳಿಗೆ ಈ ಚಿತ್ರ ಹೊಸತೇನಲ್ಲ. ಹುಡುಗ ಮಾತ್ರ ಗಲ್ಲಾಪೆಟ್ಟಿಗೆ ಬಿಟ್ಟು ಗಿಟಾರ್ ಹಿಡಿದ. 1966ರಲ್ಲಿ ಮೊದಲ ಹಾಡು ಬಂತು. ಮರುವರ್ಷ 'ಮ್ಯಾಥ್ಯೂ ಆ್ಯಂಡ್ ಸನ್' ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು.

ಹೆಸರು ಬಂದಷ್ಟೇ ಬೇಗ ಕಾಯಿಲೆಯೂ ಬಂತು. ಇಪ್ಪತ್ತರ ಆಸುಪಾಸಿನಲ್ಲಿ ಕ್ಷಯ. ತಿಂಗಳುಗಟ್ಟಲೆ ಆಸ್ಪತ್ರೆ, ಆಮೇಲೆ ದೀರ್ಘ ವಿಶ್ರಾಂತಿ. ಸಾವನ್ನು ಹತ್ತಿರದಿಂದ ಕಂಡ ಆ ಹುಡುಗ ಹಾಸಿಗೆಯಲ್ಲೇ ಹಾಡು ಬರೆಯತೊಡಗಿದರು. ಗದ್ದಲದ ವಾದ್ಯಗೋಷ್ಠಿ ಹೋಯಿತು. ಒಂದು ಗಿಟಾರ್, ಒಂದು ಕಂಠ, ಒಳಗಿನ ಹುಡುಕಾಟ ಉಳಿಯಿತು. ಜಾನಪದ ಧಾಟಿಯ ಆ ಸರಳ ಹಾಡುಗಳೇ ಅವರನ್ನು ಜಗತ್ತಿನ ಮನೆಮಾತಾಗಿಸಿದ್ದು. 1970ರಲ್ಲಿ 'ಟೀ ಫಾರ್ ದ ಟಿಲ್ಲರ್‌ಮ್ಯಾನ್' ಆಲ್ಬಂ ಬಂತು. ಮನೆ ಬಿಟ್ಟು ಹೊರಡಲು ತವಕಿಸುವ ಮಗ, ತಾಳ್ಮೆ ಹೇಳುವ ತಂದೆ ಇಬ್ಬರ ಮಾತನ್ನೂ ಒಬ್ಬರೇ ಎರಡು ದನಿಯಲ್ಲಿ ಹಾಡಿದ 'ಫಾದರ್ ಆ್ಯಂಡ್ ಸನ್' ಇರುವುದು ಅದರಲ್ಲೇ.

ಎಪ್ಪತ್ತರ ದಶಕದ ಮಧ್ಯದಲ್ಲಿ ಅಮೆರಿಕದ ಮಾಲಿಬು ಕಡಲಲ್ಲಿ ಈಜಲು ಇಳಿದವರನ್ನು ನೀರಿನ ಸೆಳೆತ ಎಳೆದೊಯ್ಯಿತು. ಕಾಪಾಡಿದರೆ ನಿನಗಾಗಿ ದುಡಿಯುವೆ ಎಂದು ದೇವರಲ್ಲಿ ಮೊರೆಯಿಟ್ಟರಂತೆ. ಅಷ್ಟರಲ್ಲೇ ಅಲೆಯೊಂದು ದಡದತ್ತ ನೂಕಿತು. ಕಡಲ ಕರೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಜೆರುಸಲೇಂಗೆ ಹೋಗಿಬಂದ ಅಣ್ಣ ಡೇವಿಡ್ ಕುರ್‌ಆನ್‌ನ ಪ್ರತಿಯೊಂದನ್ನು ಕೈಗಿತ್ತರು. ಓದುತ್ತ ಹೋದರು, 1977ರ ಡಿಸೆಂಬರ್‌ನಲ್ಲಿ ಇಸ್ಲಾಂ ಸ್ವೀಕರಿಸಿದರು. ಯೂಸುಫರ ಕಥೆ ಮನಸ್ಸಿಗೆ ತಟ್ಟಿದ್ದರಿಂದ ಅದೇ ಹೆಸರಿಟ್ಟುಕೊಂಡರು.

ಸಂಗೀತದ ಬಗ್ಗೆ ಅವರ ಕಿವಿಗೆ ಬಿದ್ದದ್ದು ಒಂದೇ ಅಭಿಪ್ರಾಯವಲ್ಲ. ಗೊಂದಲ ಇರುವಾಗ ದೂರ ಇರುವುದೇ ಲೇಸು ಅಂತ ಕಂಡಿತು. 1979ರ ನವೆಂಬರ್‌ನಲ್ಲಿ ಮಕ್ಕಳ ನೆರವಿಗಾಗಿ ವೆಂಬ್ಲಿಯಲ್ಲಿ ಹಾಡಿ, ಗಿಟಾರ್‌ಗಳನ್ನು ಹರಾಜಿಗಿಟ್ಟು, ಬಂದ ಹಣವನ್ನು ದಾನಕ್ಕೆ ಕೊಟ್ಟರು. ವಯಸ್ಸು ಆಗ ಬರೇ 31.

ಹಾಡು ಬಿಟ್ಟವರು ಸುಮ್ಮನೆ ಕೂರಲಿಲ್ಲ. 1983ರಲ್ಲಿ ಲಂಡನಿನಲ್ಲಿ ಇಸ್ಲಾಮಿಯಾ ಪ್ರಾಥಮಿಕ ಶಾಲೆ ಕಟ್ಟಿದರು. ವರ್ಷಗಟ್ಟಲೆ ಅರ್ಜಿ, ನಿರಾಕರಣೆ, ಮತ್ತೆ ಅರ್ಜಿ. ಕೊನೆಗೆ 1998ರಲ್ಲಿ ಅದಕ್ಕೆ ಸರಕಾರದ ಅನುದಾನ ಸಿಕ್ಕಿತು; ಬ್ರಿಟನ್ನಿನಲ್ಲಿ ಅನುದಾನ ಪಡೆದ ಮೊದಲ ಮುಸ್ಲಿಂ ಶಾಲೆಗಳಲ್ಲಿ ಅದೂ ಒಂದು. ಮಗಳಿಗಾಗಿ ಬರೆದ 'ಎ ಈಸ್ ಫಾರ್ ಅಲ್ಲಾಹ್' ಮುಂದೆ ಮಕ್ಕಳ ಆಲ್ಬಂ ಆಯಿತು. ಅದರಲ್ಲಿ ಗಿಟಾರ್ ಇಲ್ಲ.

ದಾರಿ ಹೂವಿನದ್ದೇನೂ ಆಗಿರಲಿಲ್ಲ. 1989ರ ರಶ್ದಿ ವಿವಾದದಲ್ಲಿ ಆಡಿದ ಮಾತುಗಳು ದೊಡ್ಡ ಗದ್ದಲವೆಬ್ಬಿಸಿದವು. ಕೆಲವು ರೇಡಿಯೊ ಕೇಂದ್ರಗಳು ಅವರ ಹಾಡು ನಿಲ್ಲಿಸಿದವು. ಕೊಲೆಗೆ ತಾನು ಕರೆ ಕೊಟ್ಟಿಲ್ಲ ಎಂದು ಅವರು ಇಂದಿಗೂ ಹೇಳುತ್ತಾರೆ. 2004ರಲ್ಲಿ ಅವರಿದ್ದ ವಿಮಾನವನ್ನೇ ಅಮೆರಿಕ ಬೇರೆಡೆಗೆ ತಿರುಗಿಸಿ, ಅವರನ್ನು ವಾಪಸ್ ಕಳಿಸಿತು.

ಗಿಟಾರ್ ಮತ್ತೆ ಮನೆಯೊಳಗೆ ಬಂದದ್ದು ಮಗನ ಕೈಯಲ್ಲಿ. ಬೈದು ಕಳಿಸಬಹುದಿತ್ತು ಅಲ್ವಾ? ಒಂದು ದಿನ ತಂದೆಯೇ ಅದನ್ನು ಮಡಿಲಿಗೆ ಎಳೆದುಕೊಂಡರು. ಬೆರಳುಗಳು ಹಳೆಯ ಸ್ವರಗಳನ್ನು ಮರೆತಿರಲಿಲ್ಲ. ಅಷ್ಟು ವರ್ಷಗಳ ಓದು, ವಿಚಾರ ಜೊತೆಗಿತ್ತು. ಮುಸ್ಲಿಮರ ಚರಿತ್ರೆಯಲ್ಲೂ ಹಾಡು, ವಾದ್ಯಗಳಿಗೆ ಜಾಗ ಇತ್ತು. ಒಳ್ಳೆಯದನ್ನು ಹೇಳುವ ಹಾಡಿಗೆ ತಡೆಯಿಲ್ಲ ಎಂಬ ನಿಲುವಿಗೆ ಅವರು ಬಂದರು. 2006ರಲ್ಲಿ 'ಆ್ಯನ್ ಅದರ್ ಕಪ್' ಹೊರಬಂತು, 28 ವರ್ಷಗಳ ನಂತರ! ಎಲ್ಲ ಉಲಮಾಗಳೂ ಇದನ್ನು ಒಪ್ಪುವುದಿಲ್ಲ. ಅದು ಅವರಿಗೂ ಗೊತ್ತು. ಬಿಟ್ಟದ್ದು ಒಂದು ನಿಯ್ಯತ್ತಿನಿಂದ, ಹಿಡಿದದ್ದೂ ಒಂದು ನಿಯ್ಯತ್ತಿನಿಂದ.

2020ರಲ್ಲಿ, 72ರ ವಯಸ್ಸಿನಲ್ಲಿ, ಆ ಹಳೆಯ ಆಲ್ಬಮನ್ನು ಹೊಸದಾಗಿ ಹಾಡಿ ಹೊರತಂದರು. 'ಫಾದರ್ ಆ್ಯಂಡ್ ಸನ್'ನಲ್ಲಿ ತಂದೆಯ ಭಾಗಕ್ಕೆ ಈಗಿನ ಬಿಳಿಗಡ್ಡದ ದನಿ. ಮಗನ ಭಾಗಕ್ಕೆ 1970ರಲ್ಲಿ ರೆಕಾರ್ಡ್ ಆಗಿದ್ದ ತಮ್ಮದೇ ಎಳೆಯ ದನಿ. ಐವತ್ತು ವರ್ಷಗಳ ಅಂತರದಲ್ಲಿ ಕುಳಿತು ತಂದೆಯೂ ಮಗನೂ ಮಾತಾಡಿದ ಹಾಗಿದೆ.

"ಇದೆಲ್ಲ ಬೇಕಾ ಮೋನೇ?" ಎಂದು ಕೇಳುವ ಉಪ್ಪನೂ ಒಂದು ಕಾಲದಲ್ಲಿ ಮಗನೇ ಆಗಿದ್ದವರು. ಕೇಳಲಿ, ಕೇಳಬೇಕು. ಉತ್ತರ ಬರುವವರೆಗೆ ಪಕ್ಕದಲ್ಲಿ ಕೂತರೆ ಇನ್ನೂ ಚಂದ.